ಅಗಲ ಗೆರೆಯ ತಟ್ಟೆ

"ಜೀವಕೋಶಗಳು ಮತ್ತೆ ಉಂಡೆ ಕಟ್ಟಿ ತೇಲ್ತಿರುತ್ವೆ. ಗೆರೆ ಇನ್ನೂ ಸಣ್ಣದಾಗ್ಬೇಕು ಅಂತ ಎಷ್ಟು ಸಲ ಹೇಳ್ಲಿ?" ಎನ್ನುತ್ತಾ ಪ್ರೊಫೆಸರು ಸಂಶೋಧಕಿಯನ್ನು ಸರಿಸಿ ಸೂಕ್ಷ್ಮದರ್ಶಕದ ಮುಂದೆ ಕೂತೇಬಿಟ್ಟರು. ಅವಳು ಹಲ್ಲು ಕಚ್ಚಿದಳು. ಸುಟ್ಟಗಾಯಕ್ಕೆ ಹಾಕುವ ಪಟ್ಟಿಯೊಂದನ್ನು ಮಾಡಲು ಮೂರು ತಿಂಗಳಿಂದ ಅವರು ಹೇಳಿದ ಹಾಗೆಯೇ ಜೀವಕೋಶ ಬೆಳೆಸುವ ತಟ್ಟೆಯ ಮೇಲೆ ಗೆರೆ ಕೊರೆದಿದ್ದಳು. ಹತ್ತು ಸಲವೂ ಚರ್ಮದ ಜೀವಕೋಶಗಳು ಅಂಟದೆ ಕೈಕೊಟ್ಟಿದ್ದವು. ಕೊನೆಗೆ ತಲೆಕೆಟ್ಟು, ಈ ಸಲ ಅವರಿಗೆ ಹೇಳದೆ ಗೆರೆಗಳನ್ನು ಎರಡು ಪಟ್ಟು ಅಗಲ ಮಾಡಿದ್ದಳು.

ಬೈಗುಳಕ್ಕೆ ಕಾದು ನಿಂತಳು. ತಿರುಪು ತಿರುಗಿಸುತ್ತಿದ್ದ ಅವರ ಬೆರಳು ಹಾಗೇ ನಿಂತುಹೋಯಿತು.

"ಅಂಟ್ಕೊಂಡಿವೆ ಕಣಮ್ಮ! ಗೆರೆ ಹಿಡಿದು ಸಾಲಾಗಿ ಮಲಗಿವೆ. ಅಂಚಲ್ಲಿ ಬಿಟ್ಟಿದ್ದವು ನಡುವಿನ ತನಕ ನಡ್ಕೊಂಡು ಬಂದಿವೆ. ನೋಡಿದ್ಯಾ, ನನ್ನ ಮಾತು ಕೇಳಿ ಗೆರೆ ಸಣ್ಣ ಮಾಡಿದ್ದಕ್ಕೆ!"

"ಸಣ್ಣ ಅಲ್ಲ ಸರ್, ಅಗಲ ಮಾಡಿದೀನಿ."

"ಹ್ಞಾಂ?" ಎಂದರೇ ಹೊರತು ಅವರು ಕಣ್ಣು ತೆಗೆಯಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಅವರು ಕೂತಿದ್ದ ಸ್ಟೂಲನ್ನೇ ಅವಳು ಹಿಂದಕ್ಕೆ ಎಳೆದಳು.

"ಏಳಿ ಸರ್ ಮೇಲೆ! ನಾನೇ ಇನ್ನೂ ನೋಡಿಲ್ಲ!"