ಅಣ್ಣ ತಟ್ಟಿದ ಕವಲು

ಅಣ್ಣ ಏಣಿಯ ತುದಿಯಲ್ಲಿ ನಿಂತು ಕೊಡತಿಯಿಂದ ಮರದ ಕವಲಿಗೆ ಮೂರು ಸಲ ತಟ್ಟಿದ. ಒಳಗೆ ಗಟ್ಟಿಯಿದ್ದರೆ ಠಣ್ಣೆನ್ನಬೇಕು, ಟೊಳ್ಳಾಗಿದ್ದರೆ ಡಬ್ಬೆನ್ನಬೇಕು. ಅವನಿಗೆ ಯಾವುದೂ ಕೇಳಿಸಲಿಲ್ಲ. ಇಪ್ಪತ್ತೆರಡು ವರ್ಷ ಗರಗಸದ ಯಂತ್ರದ ಪಕ್ಕದಲ್ಲೇ ದುಡಿದ ಕಿವಿಗಳು ಹೋದ ವರ್ಷವೇ ಕೈಕೊಟ್ಟಿದ್ದವು. ಯಾರಿಗೂ ಹೇಳದೆ, ತುಟಿ ನೋಡಿ ಮಾತು ಹಿಡಿಯುತ್ತ ಹೇಗೋ ಸಂಭಾಳಿಸಿಕೊಂಡು ಬಂದಿದ್ದ. ಕಿವುಡನ ಮಾತು ನಂಬಿ ಯಾರು ತಾನೇ ಮರ ಹತ್ತುತ್ತಾರೆ?

ಕೆಳಗೆ ಯಂತ್ರ ಚಾಲೂ ಮಾಡಿ ನೋಡುತ್ತಿದ್ದ ತಮ್ಮ ತಲೆಯೆತ್ತಿದ. "ಹೆಂಗಿದೆ ಅಣ್ಣಾ?"

ತೊಗಟೆಯಲ್ಲಿ ಬಿರುಕಿಲ್ಲ, ಅಣಬೆ ಎದ್ದಿಲ್ಲ, ಕವಲು ತೊಡೆಗಿಂತ ದಪ್ಪ, ಮೇಲೆ ಹಸಿರು ಎಲೆ. ಕಣ್ಣಿಗೆ ಕಂಡಿದ್ದೆಲ್ಲ ಚೆನ್ನಾಗಿಯೇ ಇತ್ತು.

"ಕಲ್ಲಿದ್ದಂಗಿದೆ. ಹತ್ತು."

ಕವಲಿನ ಮೇಲೆ ಹಗ್ಗ ಹಾಯಿಸಿ ಅಣ್ಣ ಕೆಳಗಿಳಿದ. ಇಬ್ಬರೂ ಜೋತುಬಿದ್ದು ನೋಡಿದರು. ಕವಲು ಜಪ್ಪಯ್ಯ ಅನ್ನಲಿಲ್ಲ.

"ಅತ್ತಿಗೆ ಹಾಕೋ ಊಟ ತಿಂದು ಕೊಬ್ಬಿರೋ ನಮ್ಮಿಬ್ರನ್ನೂ ತಡ್ಕೊಂಡ್ತು. ಇನ್ನು ಆನೇನೂ ನೇತುಹಾಕ್ಬೋದು!" ತಮ್ಮ ನಗುತ್ತಲೇ ಹತ್ತಿದ.

ನೇರ ಎಳೆತಕ್ಕೆ ತಡೆದ ಕವಲು ಪಕ್ಕದ ಎಳೆತಕ್ಕೆ ತಡೆಯಲಿಲ್ಲ. ಕೊಯ್ದ ಕೊಂಬೆ ತಿರುಗಿ ಬಡಿಯಿತು, ತಮ್ಮ ಓಲಾಡಿದ, ಹಗ್ಗ ಅಡ್ಡಕ್ಕೆ ಜಗ್ಗಿತು. ಕವಲು ಬಾಯಿಬಿಟ್ಟಿತು, ಒಳಗೆಲ್ಲ ನಶ್ಯದಂಥ ಪುಡಿ. ತಮ್ಮನ ಕೂಗು ಅಣ್ಣನಿಗೆ ಕೇಳಿಸಲಿಲ್ಲ. ನೆಲ ಅದುರಿದ್ದು ಮಾತ್ರ ಅಂಗಾಲಿಗೆ ಗೊತ್ತಾಯಿತು.

ಐದನೆಯ ದಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಬೆನ್ನುಹುರಿ ಹೋಗಿದೆ, ಸೊಂಟದಿಂದ ಕೆಳಗೆ ಇನ್ನು ಸ್ಪರ್ಶವೂ ತಿಳಿಯದು. ತಮ್ಮನ ಹೆಂಡತಿ ಅತ್ತು ಅತ್ತು ಬತ್ತಿದ ಮುಖವೆತ್ತಿದಳು.

"ಭಾವ, ನೀವು ತಟ್ಟಿ ನೋಡಿರ್ಲಿಲ್ವಾ?"

ಅಷ್ಟರಲ್ಲಿ ಮಂಚದ ಮೇಲಿಂದ ತಮ್ಮನೇ ಹೇಳಿದ. "ಅವನನ್ನ ಏನೂ ಕೇಳ್ಬೇಡ ಕಣೇ. ಅಣ್ಣ ತಟ್ಟಿ ಗಟ್ಟಿ ಅಂದ್ಮೇಲೆ ಅದು ಗಟ್ಟೀನೇ. ನಾನೇ ಎಲ್ಲೋ ಹಗ್ಗ ತಪ್ಪಾಗಿ ಜಗ್ಗಿದೆ. ತಪ್ಪು ನಂದು."

ನಿಜ ಅಣ್ಣನ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ತಮ್ಮನ ಹೆಂಡತಿ ನೀರು ತರಲು ಹೊರಗೆ ಹೋದಳು.

ಅಣ್ಣ ಮಂಚದ ತುದಿಗೆ ಸರಿದು, ಹೊದಿಕೆಯೊಳಗೆ ಕೈಯಿಟ್ಟು, ತಮ್ಮನ ಎರಡೂ ಕಾಲು ಹಿಡಿದುಕೊಂಡ. ಬಿಗಿಯಾಗಿ, ಬಹಳ ಹೊತ್ತು. ತಮ್ಮ ಕಿಟಕಿಯ ಕಡೆ ನೋಡುತ್ತಲೇ ಇದ್ದ.