ಡಬ್ಬಿಯ ದನಿಗೆ ಉತ್ತರ

ಶಶಿರೇಖಾಳ ತಲೆಯೊಳಗಿನ ದನಿ ಈಗ ಎಲ್ಲರಿಗೂ ಕೇಳಿಸುತ್ತದೆ. ವಾರ್ಡಿನ ಮಾನಸಿಕ ಆರೋಗ್ಯ ಕೇಂದ್ರದವರು ಪುಕ್ಕಟೆಯಾಗಿ ಕೊಟ್ಟ ಪುಟ್ಟ ಡಬ್ಬಿಯೊಂದು ಅವಳ ಕೊರಳಲ್ಲಿದೆ, ದನಿ ಅದರಿಂದ ಹೊರಗೆ ಬರುತ್ತದೆ. ಕೇಳಿಸಿಕೊಂಡವರು ಅದಕ್ಕೆ ಉತ್ತರ ಕೊಡಬೇಕು, ಅದು ನಮ್ಮ ಬೀದಿಯ ರೂಢಿ.

ಕೇಂದ್ರದ ಕ್ಯಾಂಟೀನಿನಲ್ಲಿ ಅವಳು ಒಬ್ಬಳೇ ದೋಸೆ ಕಾವಲಿಯ ಮುಂದೆ ನಿಂತದ್ದು ಇವತ್ತೇ ಮೊದಲು. ಮೂಲೆಯಲ್ಲಿ ಕೂತ ನಾನು ಅವಳ ಕೈಯನ್ನೇ ನೋಡುತ್ತಿದ್ದೆ.

"ಇವಳ ಕೈಲಿ ಏನೂ ಆಗಲ್ಲ. ಎದ್ದು ಹೋಗಿ!" ಡಬ್ಬಿ ಕಿರುಚಿತು.

ನಾನು ಬಾಯಿ ತೆರೆಯುವ ಮೊದಲೇ ಆಟೋ ಓಡಿಸುವ ಮುನೀರ್ ಸಾಬರು ತಟ್ಟೆಯಿಂದ ತಲೆ ಎತ್ತದೆ, "ಸುಮ್ನಿರಪ್ಪ, ಎರಡನೇ ದೋಸೆ ತಿಂತಿದೀನಿ. ಇನ್ನೊಂದು ಹಾಕಮ್ಮ," ಅಂದರು.

ಶಶಿ ಡಬ್ಬಿಯತ್ತ ಬಗ್ಗಿ, "ಕೇಳಿಸ್ತಾ?" ಅಂದು ಹಿಟ್ಟು ಹುಯ್ದಳು.

ಪಕ್ಕದಲ್ಲಿದ್ದವರು ನನ್ನನ್ನೇನೂ ಕೇಳಿರಲಿಲ್ಲ. ಆದರೂ ಹೇಳಿದೆ: "ನನ್ನ ಮಗಳು."