ಜರಡಿಯಾದ ವಿಮಾನ

ವಿಮಾನದ ಮೈಮೇಲೆ ಒಂದೇ ಒಂದು ತೂತೂ ಇರಲಿಲ್ಲ.

ತಗಡು ಕೆಲಸದ ಟಿಂಕರ್ ಇನ್ನೊಮ್ಮೆ ಏಣಿ ಹತ್ತಿ, ಟಾರ್ಚ್ ಹಿಡಿದು, ಮೂತಿಯಿಂದ ಬಾಲದವರೆಗೆ ಅಂಗೈ ಸವರಿಕೊಂಡು ಬಂದ. ಮ್ಯೂಸಿಯಂನಲ್ಲಿ ನಿಲ್ಲಿಸಲು ಈ ಮುದಿ ಬಾಂಬರನ್ನು ಮತ್ತೆ ಮದುಮಗನ ಹಾಗೆ ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಹಳೆಯ ಬಣ್ಣವನ್ನೆಲ್ಲ ಅವನೇ ಕೆರೆದು ತೆಗೆದಿದ್ದ. ತೂತು ಮುಚ್ಚಿದ ತೇಪೆಯಾದರೂ ಸಿಗಬೇಕಲ್ಲ, ಅದೂ ಇಲ್ಲ. ಬಾಂಬು ತೂಗುಹಾಕುವ ಗೂಡಿನ ಮೂಲೆಯಲ್ಲಿ ಸಿಕ್ಕಿದ್ದು ಕಲ್ಲಿನಂತೆ ಒಣಗಿದ ಆಲೂಗಡ್ಡೆಗಳು ಮಾತ್ರ. ಅಡುಗೆಮನೆ ಸಾಮಾನು ಸಾಗಿಸುವ ವಿಮಾನಕ್ಕೆ ಯಾವ ಶತ್ರು ತಾನೇ ಗುಂಡು ದಂಡ ಮಾಡುತ್ತಾನೆ?

ಬೇರೆ ಯಾರದೋ ವಿಮಾನವಾಗಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆದರೆ ಇದನ್ನು ಯುದ್ಧದಲ್ಲಿ ಹಾರಿಸಿದವರು ಅವನ ಮಾವ. ಮದುವೆಯಾದಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅವನು ತುತ್ತಿನ ಜೊತೆ ಇದೇ ಕಥೆಯನ್ನು ನುಂಗಿದ್ದ. ಮೋಡದ ನಡುವೆ ಶತ್ರುಗಳು ಸುತ್ತುವರಿದದ್ದು, ವಿಮಾನ ಜರಡಿಯಾದದ್ದು, ಜರಡಿಯಾದ ವಿಮಾನವನ್ನು ಮಾವ ಒಂದೇ ಕೈಯಲ್ಲಿ ನೆಲಕ್ಕಿಳಿಸಿದ್ದು. ಇನ್ನೊಂದು ಕೈ ಏನು ಮಾಡುತ್ತಿತ್ತೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಮಂಗಳ ಹಾಡಿದ ಹಾಗೆ ಒಂದು ಮಾತು: "ನಾವು ತಗಡಿನೊಳಗೆ ಕೂತು ಗುಂಡು ತಿಂದ್ವಿ. ನಮ್ಮ ಅಳಿಯಂದ್ರು ತಗಡು ಬಡ್ಕೊಂಡು ಊಟ ತಿಂತಾರೆ."

ಈಗ ಮ್ಯೂಸಿಯಂನವರು ಉದ್ಘಾಟನೆಗೆ ಮಾವನನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಟಿಂಕರ್ ಸುಮ್ಮನೆ ಕೈಕಟ್ಟಿ ನಿಂತರೆ ಸಾಕಿತ್ತು, ವಿಮಾನವೇ ತನ್ನ ನುಣ್ಣನೆಯ ಕೆನ್ನೆ ತೋರಿಸಿ ಊರೆದುರಿಗೆ ಮಾವನ ಬಾಯಿ ಮುಚ್ಚಿಸುತ್ತಿತ್ತು.

ಈ ಖುಷಿಯನ್ನು ಚಪ್ಪರಿಸುತ್ತ ಮನೆಗೆ ಬಂದರೆ, ಹೆಂಡತಿ ಅಪ್ಪನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ರೀ, ಆ ತೂತುಗಳನ್ನ ಎಲ್ಲಾದ್ರೂ ಮುಚ್ಚಿಬಿಟ್ಟೀರ. ಹಾಗೇ ಇರ್ಲಿ."

"ಅದೇನು ಅಂಥಾ ಮುಖ್ಯ?"

"ಚಿಕ್ಕೋಳಿದ್ದಾಗ ಕತ್ಲೆ ಅಂದ್ರೆ ಜೀವ ಬಿಡ್ತಿದ್ದೆ. ಅಪ್ಪ ಆ ತೂತುಗಳನ್ನ ಒಂದೊಂದೇ ಎಣಿಸಿ ಮಲಗಿಸ್ತಿದ್ರು. ಒಂದ್ಸಲ ಬೆರಳಿಟ್ಟು ನೋಡ್ಬೇಕು ಅಂತ ಆಸೆ."

ಟಿಂಕರ್ ಅವಳ ಕೈಯನ್ನೇ ನೋಡಿದ. ಇಸ್ತ್ರಿ ಪೆಟ್ಟಿಗೆ ಆ ಕೋಟಿನ ಮೇಲೆ ಸರಿದಷ್ಟು ಮೆತ್ತಗೆ ಅವನ ಯಾವ ಅಂಗಿಯ ಮೇಲೂ ಸರಿದದ್ದಿರಲಿಲ್ಲ.

ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಅವನು ಸುತ್ತಿಗೆ, ಚೂಪು ಉಳಿ ಹಿಡಿದು ವಿಮಾನದ ಹೊಟ್ಟೆಯೊಳಗೆ ನುಸುಳಿದ. ಜೀವಮಾನವೆಲ್ಲ ಕಾರುಗಳ ತಗ್ಗು ಎತ್ತಿದ ಕೈ ಅದು. ತಗ್ಗು ಎತ್ತಬೇಕಾದರೆ ಒಳಗಿನಿಂದಲೇ ಹೊಡೆಯಬೇಕು, ಅದಕ್ಕೆ ಬೇರೆ ದಿಕ್ಕೇ ಗೊತ್ತಿಲ್ಲ. ಒಳಗೆ ಕುಕ್ಕರಗಾಲಲ್ಲಿ ಕೂತು ಒಂದು ಪಕ್ಕದ ಉದ್ದಕ್ಕೂ ಟಕ್ ಟಕ್ ಎಂದು ಹೊಡೆಯುತ್ತ ಹೋದ. ತಗಡು ಹೊರಕ್ಕೆ ಹೂವಿನ ಹಾಗೆ ಬಿರಿಯಿತು. ಮಾವನ ಮೇಲಿನ ಹಳೆಯ ಸಿಟ್ಟೆಲ್ಲ ಸುತ್ತಿಗೆಗೆ ಇಳಿದದ್ದರಿಂದ ತೂತುಗಳಿಗೇನೂ ಬರ ಬರಲಿಲ್ಲ.

ಮ್ಯೂಸಿಯಂ ಡೈರೆಕ್ಟರ್ ನೋಡಿ ಹಿಗ್ಗಿ ಹೀರೇಕಾಯಿಯಾದರು. "ಇವೆಲ್ಲಿದ್ವಯ್ಯ ಇಷ್ಟು ದಿನ?"

"ತೂತಿಗೆ ಮೆತ್ತಿದ್ದ ಹಳೇ ಪುಟ್ಟಿ ಉದುರ್ತು ಸಾರ್. ಅಡಿಯಲ್ಲಿ ಸಿಕ್ವು."

"ಇಷ್ಟೇನಾ?" ಎಂದರು ಡೈರೆಕ್ಟರ್. ಚರಿತ್ರೆ ಅಂದರೆ ಅವರಿಗೆ ಎಷ್ಟಿದ್ದರೂ ಸಾಲದು.

ಉದ್ಘಾಟನೆಯ ದಿನ ಮಾವ ಕೋಟಿನ ಮೇಲೆ ಪದಕ ತೂಗಿಸಿಕೊಂಡು ಬಂದರು. ದಾರಿಯುದ್ದಕ್ಕೂ ಹೇಳುತ್ತಿದ್ದ ಕಥೆ ವಿಮಾನದೆದುರು ಬಂದದ್ದೇ ಗಕ್ಕನೆ ನಿಂತಿತು. ತೂತುಗಳನ್ನು ನೋಡಿದರು, ಅಳಿಯನನ್ನು ನೋಡಿದರು, ಮತ್ತೆ ತೂತುಗಳನ್ನು ನೋಡಿದರು. ಮಗಳು ಒಂದರ ಅಂಚಿಗೆ ಬೆರಳಿಟ್ಟು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ದಪ್ಪ ಮೀಸೆಯ ಸೇನಾಧಿಕಾರಿ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ ಸಾರ್ ಇದು, ತಗಡೆಲ್ಲ ಹೊರಕ್ಕೆ ಬಿರಿದಿದೆ? ಶತ್ರು ಹೊಡೆದ ಗುಂಡಾದ್ರೆ ಒಳಕ್ಕೆ ಮಡಚ್ಕೋಬೇಕಿತ್ತಲ್ಲ. ನಿಮ್ಮೋರೇ ಒಳಗೆ ಕೂತು ಹೊಡೆದ್ರಾ?"

ಟಿಂಕರ್ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿಯ ಬೆರಳು ಅಂಚಿನಲ್ಲೇ ನಿಂತಿತು. ಮಾವ ಮಾತ್ರ ನಿಧಾನವಾಗಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇವು ಗುಂಡು ಹೊರಗೆ ಹೋದ ತೂತು ಸ್ವಾಮಿ. ಒಳಗೆ ಬಂದಿದ್ದು ಹೊರಗೆ ಹೋಗ್ಬೇಡ್ವೇ? ಹೊಟ್ಟೇಲಿಟ್ಕೊಂಡು ಸಾಕೋಕಾಗುತ್ತಾ?"

"ಹಾಗಾದ್ರೆ ಒಳಗೆ ಬಂದ ತೂತುಗಳು?"

"ಅವು ವಿಮಾನದ ಆ ಕಡೆ ಪಕ್ಕದಲ್ಲಿದ್ವು." ಮಾವ ಊರುಗೋಲೆತ್ತಿ ಅಳಿಯನನ್ನು ತೋರಿಸಿದರು. "ನಮ್ಮ ಅಳಿಯಂದ್ರು ಮುಚ್ಚಿ ಕೂತಿದ್ದಾರೆ. ಏನು ಕೆಲಸ ಕೊಟ್ರೂ ಅರ್ಧಂಬರ್ಧ."

ಎಲ್ಲರೂ ನಕ್ಕರು. ಸೇನಾಧಿಕಾರಿಯೂ ಮೀಸೆಯಡಿ ನಕ್ಕರು. "ಮುಚ್ಬೇಡಿ ಅಂತ ಬಡ್ಕೊಂಡೆ ತಾನೇ ನಿಮ್ಗೆ?" ಎಂದು ಹೆಂಡತಿ ಕಣ್ಣು ಕೆಂಪಗೆ ಮಾಡಿದಳು. "ನಾಳೆನೇ ಆ ಕಡೆ ಪುಟ್ಟೀನೂ ಕೆರೆದುಬಿಡಪ್ಪ," ಎಂದರು ಡೈರೆಕ್ಟರ್.

ರಿಬ್ಬನ್ ಕತ್ತರಿಸಲು ಹೊರಟ ಮಾವ ಅಳಿಯನ ಪಕ್ಕದಲ್ಲಿ ಒಂದು ಗಳಿಗೆ ನಿಂತರು. ಕೋಟಿನ ಪದಕ ಸರಿಮಾಡಿಕೊಳ್ಳುವ ನೆಪದಲ್ಲಿ ಅವನ ಕಿವಿಯ ಬಳಿ ಬಾಗಿದರು.

"ಈ ಸಲ ಹೊರಗಿನಿಂದ ಹೊಡಿಯಪ್ಪಾ."